ಬ್ರಿಟಿಷರ ಕಾಲದ ಭರಣಿ ಅಂದರೆ ದುಡ್ಡು ಬಿಚ್ಚಬೇಡಿ

ಕಾರವಾರದ ಕಡೆಯ ಒಬ್ಬ ಹಳೇ ಸಾಮಾನಿನ ವ್ಯಾಪಾರಿ "ಬ್ರಿಟಿಷರ ಕಾಲದ ಭರಣಿ" ಅಂತ ವಾಟ್ಸಾಪಿನಲ್ಲಿ ಫೋಟೋ ಕಳಿಸುತ್ತಿದ್ದಾನೆ. ಶಿರಸಿ, ಯಲ್ಲಾಪುರ, ಕುಮಟಾದವರಿಗೂ ಬಂದಿರಬಹುದು. ದಯವಿಟ್ಟು ತಗೊಳ್ಳಬೇಡಿ. ನಾನು 6,500 ರೂಪಾಯಿ ಕೊಟ್ಟೆ. ಆರೂವರೆ ಸಾವಿರ! ಬರೆಯುವಾಗಲೂ ಮೈ ಉರಿಯುತ್ತಿದೆ.

ಮೇಲೆ ಕಂದು, ಕೆಳಗೆ ಹಾಲುಬಿಳಿ. ನಾಗಂದಿಗೆ ಮೇಲೆ ಸಾಲಾಗಿ ಇಡುತ್ತಿದ್ದರಲ್ಲ, ಅದೇ ಥರ. ತಳದಲ್ಲಿ "ಮೇಡ್ ಇನ್ ಇಂಗ್ಲೆಂಡ್ 1870" ಅಂತ ಮುದ್ರೆ. "ಬೆಂಗಳೂರಿನವರು ಹತ್ತು ಸಾವಿರಕ್ಕೆ ಕೇಳ್ತಿದ್ದಾರೆ ಅಕ್ಕಾ, ನೀವು ನಮ್ಮ ಜಿಲ್ಲೆಯವರು ಅಂತ ಈ ರೇಟು" ಅಂದಿದ್ದ.

ಮಿಡಿ ಉಪ್ಪಿಗೆ ಹಾಕಿದೆ. ಭರಣಿ ಇರುವುದೇ ಅದಕ್ಕೆ ಅಲ್ವಾ? ಒಳ್ಳೇ ಜೀರಿಗೆ ಪರಿಮಳದ ಅಪ್ಪೆಮಿಡಿ ಮಾರಾಯ್ರೇ. ಸ್ವಲ್ಪ ದಿನಕ್ಕೇ ಹೊರಮೈ ತುಂಬ ಬಿಳಿ ಉಪ್ಪು ಮೂಡಿತು. ಒರೆಸಿದೆ. ಮತ್ತೆ ಬಂತು. ಉಪ್ಪುನೀರು ಸೋರಿ ಇಳಿದು, ಮೇಲಿನ ಮಿಡಿಗೆಲ್ಲ ಬೂಷ್ಟು. ಖಾಲಿ ಮಾಡಿ ಬಿಸಿನೀರಲ್ಲಿ ತಿಕ್ಕಿದರೆ ಕಂದು ಬಣ್ಣ ಹಪ್ಪಳೆ ಎದ್ದು ಕೈಗೆ ಬಂತು. ಪೇಂಟು! ಅದರಡಿ ಮಾಮೂಲಿ ಕೆಂಪು ಮಣ್ಣು. ಸುಮ್ನೆ ನಿಂತುಬಿಟ್ಟೆ. ಮನೆಯವರು ಬಾಗಿಲಲ್ಲಿ ನಿಂತು ನೋಡಿದರು, ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಫೋನ್ ಮಾಡಿದರೆ ಈ ಪುಣ್ಯಾತ್ಮ ಹೇಳಿದ್ದು ಕೇಳಿ. "ಶೋಕೇಸಿಗೆ ಇಡೋ ವಸ್ತುವಿಗೆ ಯಾರಾದ್ರೂ ಉಪ್ಪುನೀರು ಹಾಕ್ತಾರಾ?" ಉಪ್ಪಿನಕಾಯಿ ಭರಣಿಗೆ ಉಪ್ಪು ಹಾಕಬಾರದಂತೆ! ಬಿಲ್ಲು ಕೇಳಿದೆ. "ಹಳೇ ಸಾಮಾನಿಗೆ ಎಂಥಾ ಬಿಲ್ಲು ಅಕ್ಕಾ." ಮತ್ತೆ 1870 ಅಂತ ಇದೆಯಲ್ಲ ಅಂದೆ. "ಅದು ಡಿಸೈನ್ ನಂಬರ್." ಡಿಸೈನ್ ನಂಬರ್! ಆಮೇಲೆ ನನ್ನನ್ನು ಬ್ಲಾಕ್ ಮಾಡಿದ.

ಆ ಮುದ್ರೆಯೇ ಸುಳ್ಳು. ಆಮದು ಸಾಮಾನಿನ ಮೇಲೆ ದೇಶದ ಹೆಸರು ಬೇಕೇಬೇಕು ಅಂತ ಅಮೆರಿಕ 1891ರಲ್ಲಿ ಕಡ್ಡಾಯ ಮಾಡಿದ ಮೇಲೆ ಇಂಗ್ಲಿಷ್ ಪಿಂಗಾಣಿಯಲ್ಲಿ "ಇಂಗ್ಲೆಂಡ್" ಅಂತ ಹಾಕುವುದು ಜಾಸ್ತಿಯಾಯಿತು. "ಮೇಡ್ ಇನ್" ಸೇರಿದ್ದು ಇನ್ನೂ ಈಚೆಗೆ.

ನಿಜವಾದ ಭರಣಿಯನ್ನು 1,200 ಡಿಗ್ರಿ ಆಸುಪಾಸಿನಲ್ಲಿ ಸುಟ್ಟಿರುತ್ತಾರೆ, ಅದು ನೀರು ಕುಡಿಯುವುದಿಲ್ಲ. ತಳದಲ್ಲಿ ಹೊಳಪಿಲ್ಲದ ಅಂಚಿಗೆ ಒಂದು ಹನಿ ನೀರು ಬಿಡಿ, ಹೀರಿಕೊಂಡರೆ ಅಲ್ಲೇ ಬಿಟ್ಟು ಬನ್ನಿ. ಮೊಳೆಯಲ್ಲಿ ಗೀರಿದರೆ ಪುಡಿ ಉದುರಬಾರದು. ತಟ್ಟಿದರೆ ಠಣ್ ಅನ್ನಬೇಕು, ದಬ್ ಅಂದರೆ ಬಿರುಕಿರಬಹುದು. ಬರೀ ಹಳೇದು ಅಂತ ಸಾವಿರಗಟ್ಟಲೆ ಕೊಡಬೇಡಿ, ಕಂಪನಿ ಮುದ್ರೆ, ಅದರದ್ದೇ ಮುಚ್ಚಳ, ಚಕ್ಕೆ ಹೋಗದ ಬಾಯಿ ಇದ್ದರೆ ಆಮೇಲೆ ರೇಟಿನ ಮಾತು. ನೂರು ವರ್ಷ ದಾಟಿದ್ದು ಅಂತ ಹೇಳಿದರೆ ಲೈಸೆನ್ಸ್ ಕೇಳಿ. ಅಂಥ ಪುರಾತನ ವಸ್ತುಗಳ ವ್ಯಾಪಾರಕ್ಕೆ 1972ರ ಕಾನೂನಿನ ಪ್ರಕಾರ ಅದು ಬೇಕು.

ನಿನ್ನೆ ತಂಗಿಯ ಫೋನಿನಲ್ಲಿ ಅವನ ಸ್ಟೇಟಸ್ ನೋಡಿದೆ. ಅಂಥದ್ದೇ ಇನ್ನೊಂದು ಭರಣಿ. ಇದು 1865ರದ್ದಂತೆ, ರೇಟು 8,000.