ನಸ್ಸೌದಲ್ಲಿ ನಿಧಿ ಹುಡುಕಿ ಬಂದೆವು: ಕ್ರೂಸ್‌ನವರ ಟ್ರೆಷರ್ ಹಂಟ್‌ಗೆ ಅಷ್ಟು ದುಡ್ಡು ಕೊಡಬಹುದಾ?

ನಮ್ಮ ಕ್ರೂಸ್ ಹಡಗು ಬಹಾಮಾಸ್‌ನ ರಾಜಧಾನಿ ನಸ್ಸೌದಲ್ಲಿ ನಿಂತಾಗ, ಸುಳಿವು ಬಿಡಿಸುತ್ತಾ ಊರು ಸುತ್ತಿ ನಿಧಿ ಹುಡುಕುವ ಆಟಕ್ಕೆ ಹೋಗಿದ್ದೆವು. ಮೊದಲೇ ಹೇಳಿಬಿಡುತ್ತೇನೆ. ನಿಧಿ ಪೆಟ್ಟಿಗೆಯಲ್ಲಿ ಇದ್ದದ್ದು ಚಿನ್ನದ ಬಣ್ಣದ ಕಾಗದ ಸುತ್ತಿದ ಚಾಕಲೇಟ್ ನಾಣ್ಯ, ಅದೂ ಬಿಸಿಲಿಗೆ ಅರ್ಧ ಕರಗಿ ಹೋಗಿತ್ತು. ಐದು ಜನಕ್ಕೆ ಸೇರಿ ಹೆಚ್ಚುಕಮ್ಮಿ 250 ಡಾಲರ್ ಕೊಟ್ಟಿದ್ದೆವು. ಅಷ್ಟಾದರೂ ಐದಕ್ಕೆ ಮೂರೂವರೆ ಸ್ಟಾರ್ ಕೊಡುತ್ತಿದ್ದೇನೆ. ಅದರಲ್ಲಿ ಮೂರು ಸ್ಟಾರ್ ನಮ್ಮ ಗೈಡ್‌ಗೆ, ಉಳಿದ ಅರ್ಧ ನಸ್ಸೌ ಊರಿಗೆ. ಆಟ ಕಟ್ಟಿದವರಿಗೆ ಏನೂ ಇಲ್ಲ.

ಮೇ ಕೊನೆಯಲ್ಲಿ ಮಕ್ಕಳ ಶಾಲೆ ಮುಗಿದ ಕೂಡಲೇ ಫ್ಲಾರಿಡಾದ ಪೋರ್ಟ್ ಕೆನವೆರಲ್‌ನಿಂದ ನಾಲ್ಕು ದಿನದ ಕ್ರೂಸ್ ಹಿಡಿದಿದ್ದೆವು. ನಾನು, ನಮ್ಮ ಮನೆಯವರು, ಹತ್ತು ವರ್ಷದ ಮಗಳು, ಏಳು ವರ್ಷದ ಪುಟ್ಟ, ಮತ್ತೆ ಮೈಸೂರಿನಿಂದ ಬಂದಿದ್ದ ಅತ್ತೆ. ಎಲ್ಲರೂ ಇದನ್ನು ಕೆರಿಬಿಯನ್ ಕ್ರೂಸ್ ಅಂತಲೇ ಮಾರುತ್ತಾರೆ. ನಿಜ ಹೇಳಬೇಕೆಂದರೆ ಬಹಾಮಾಸ್ ಇರುವುದು ಅಟ್ಲಾಂಟಿಕ್‌ನಲ್ಲಿ, ಕೆರಿಬಿಯನ್ ಸಮುದ್ರ ಅಲ್ಲಿಂದ ಇನ್ನೂ ತೆಂಕಕ್ಕೆ. ಹೋಗಲಿ ಬಿಡಿ, ನೀರು ಮಾತ್ರ ಫೋಟೋದಲ್ಲಿ ಇದ್ದಷ್ಟೇ ನೀಲಿ.

ಹಡಗಿನ ಆ್ಯಪ್‌ನಲ್ಲಿ ನಸ್ಸೌಗೆ ಅಂತ ಡಾಲ್ಫಿನ್, ಬೀಚ್, ವಾಟರ್ ಪಾರ್ಕ್ ಎಲ್ಲ ಇತ್ತು. ಪುಟ್ಟ ಟ್ರೆಷರ್ ಹಂಟ್ ಅಂತ ಹಟ ಹಿಡಿದ. ಅತ್ತೆಗೆ ಹೇಳಿದಾಗ ಅವರು ಕನ್ನಡಕ ಸರಿ ಮಾಡಿಕೊಂಡು, "ನಿಧಿನಾ? ನಮ್ಮ ಕಡೆ ನಿಧಿ ಆಸೆಗೆ ಗುಡಿ ಅಗೆದವರನ್ನ ಪೊಲೀಸರು ಎಳ್ಕೊಂಡು ಹೋಗ್ತಾರೆ. ಇಲ್ಲಿ ಹುಡುಕೋಕೂ ನಾವೇ ದುಡ್ಡು ಕೊಡ್ಬೇಕಾ?" ಅಂದರು. ಇದಕ್ಕಿಂತ ಒಳ್ಳೆ ರಿವ್ಯೂ ನಾನಂತೂ ಬರೆಯಲಾರೆ.

ಬೆಳಿಗ್ಗೆ ಒಂಬತ್ತೂವರೆಗೆ ಬಂದರಿನ ಗೇಟ್ ಹತ್ತಿರ ಬನ್ನಿ ಅಂದಿದ್ದರು. ಹೋದೆವು. ಯಾವುದೋ ಒಂದು ಕುಟುಂಬ ಬರಲಿಲ್ಲ ಅಂತ ನಲವತ್ತು ನಿಮಿಷ ಬಿಸಿಲಲ್ಲಿ ನಿಲ್ಲಿಸಿದರು. ಅವತ್ತು ಐದು ಹಡಗು ಬಂದಿದ್ದವು, ಬಂದರು ನಮ್ಮ ದಸರಾ ಮೆರವಣಿಗೆ ದಿನದ ಮೈಸೂರಿನ ಹಾಗಿತ್ತು, ಕೂರೋಕೆ ಒಂದು ಕಟ್ಟೆಯೂ ಖಾಲಿ ಇಲ್ಲ. ತಲೆಗೊಂದು ಪುಟಾಣಿ ನೀರಿನ ಬಾಟಲಿ ಕೊಟ್ಟರು, ಹೊರಡುವ ಮೊದಲೇ ಖಾಲಿ. ಮಕ್ಕಳಿಗೆ ಒಂದು ಕಣ್ಣಿಗೆ ಕಟ್ಟುವ ಕಪ್ಪು ಪಟ್ಟಿ, ಒಂದು ಪೆನ್ಸಿಲ್, ಡಿಕಾಕ್ಷನ್‌ನಲ್ಲಿ ಅದ್ದಿ ತೆಗೆದ ಹಾಗಿದ್ದ ನಕ್ಷೆ, ನಾಲ್ಕು ಸುಳಿವಿನ ಚೀಟಿ. ಸುಳಿವು ಬಿಡಿಸಿದರೆ ನಾಲ್ಕು ಅಂಕಿ ಸಿಗುತ್ತವೆ, ಅದನ್ನು ಕೊನೆಯಲ್ಲಿ ಪೆಟ್ಟಿಗೆಯ ನಂಬರ್ ಲಾಕ್‌ಗೆ ಹಾಕಬೇಕು. ಇಷ್ಟೇ ಆಟ.

ಗೈಡ್ ನಸ್ಸೌದಲ್ಲೇ ಹುಟ್ಟಿ ಬೆಳೆದ ಹೆಂಗಸು. ಆಕೆ ಮೊದಲು ಚೀಟಿ ಬಿಡಿಸೋಕೆ ಬಿಡಲಿಲ್ಲ, ನಮ್ಮನ್ನೆಲ್ಲ ಸಮುದ್ರದ ಕಡೆ ತಿರುಗಿ ನಿಲ್ಲಿಸಿ, ಕಡಲ್ಗಳ್ಳರು ಬೇರೆಲ್ಲ ಬಿಟ್ಟು ಈ ಊರಿಗೇ ಯಾಕೆ ಬಂದರು ಹೇಳಿ ಅಂತ ಕೇಳಿದಳು. ಯಾರಿಗೂ ಗೊತ್ತಿರಲಿಲ್ಲ. ಇಲ್ಲಿನ ಬಂದರಿನ ನೀರು ಆಗ ಆಳ ಕಡಿಮೆ ಇತ್ತಂತೆ. ರಾಜರ ದೊಡ್ಡ ಯುದ್ಧನೌಕೆಗಳು ಒಳಗೆ ಬರಲಾರವು, ಕಳ್ಳರ ಸಣ್ಣ ಹಡಗು ಸಲೀಸಾಗಿ ನುಗ್ಗುತ್ತವೆ. ಎದುರಿಗೆ ಗೋಡೆಯ ಹಾಗೆ ಒಂದು ದ್ವೀಪ. ಹಾಗಾಗಿ ಬಂದರಿಗೆ ಎರಡು ಕಡೆಯಿಂದ ದಾರಿ, ಒಂದು ಕಡೆ ಹಿಡಿಯೋಕೆ ಬಂದರೆ ಇನ್ನೊಂದು ಕಡೆ ಪರಾರಿ. ಆ ದ್ವೀಪಕ್ಕೆ ಆಗ ಹಂದಿ ದ್ವೀಪ ಅಂತ ಹೆಸರಿತ್ತು. ಈಗ ಅಲ್ಲಿ ದೊಡ್ಡ ದೊಡ್ಡ ರೆಸಾರ್ಟ್ ಬಂದು ಪ್ಯಾರಡೈಸ್ ಐಲ್ಯಾಂಡ್ ಆಗಿದೆ. ಬೆಂಗಳೂರಿನ ಲೇಔಟ್‌ನವರು ಕೆರೆ ಅಂಗಳಕ್ಕೆ ಲೇಕ್ ವ್ಯೂ ಅಂತ ಬೋರ್ಡ್ ಹಾಕುತ್ತಾರಲ್ಲ, ಹಾಗೇ.

ಮೊದಲ ಸುಳಿವು ಬೇ ಸ್ಟ್ರೀಟ್‌ನ ಪಶ್ಚಿಮ ತುದಿಗೆ, ಬ್ರಿಟಿಷ್ ಕಲೋನಿಯಲ್ ಹೋಟೆಲ್ ಮುಂದಿನ ಪ್ರತಿಮೆಗೆ ಕರೆದುಕೊಂಡು ಹೋಯಿತು. ವುಡ್ಸ್ ರೋಜರ್ಸ್. 1718ರಲ್ಲಿ ಇಂಗ್ಲೆಂಡಿನಿಂದ ಗವರ್ನರ್ ಆಗಿ ಬಂದು ಕಡಲ್ಗಳ್ಳರನ್ನು ಓಡಿಸಿದವನು. ಮಜಾ ಏನು ಗೊತ್ತಾ, ಈತ ಅದಕ್ಕೂ ಮೊದಲು ಸರ್ಕಾರದ ಪರವಾನಗಿ ಇಟ್ಟುಕೊಂಡು ಸ್ಪೇನಿನ ಹಡಗುಗಳನ್ನು ದೋಚುತ್ತಾ ಭೂಮಿಯನ್ನೇ ಒಂದು ಸುತ್ತು ಹಾಕಿ ಬಂದಿದ್ದ. ನಸ್ಸೌಗೆ ಬಂದವನು ರಾಜನ ಕ್ಷಮಾಪತ್ರ ಹಿಡಿದು ಬಂದ, ಶರಣಾದವರಿಗೆ ಮಾಫಿ. ಆ ವರ್ಷವೇ ಡಿಸೆಂಬರ್‌ನಲ್ಲಿ ಮತ್ತೆ ಹಳೇ ಕಸುಬಿಗೆ ಇಳಿದ ಎಂಟು ಜನರನ್ನು ಗಲ್ಲಿಗೇರಿಸಿದ. ಮಾಫಿ ಪಡೆದ ಬೆಂಜಮಿನ್ ಹಾರ್ನಿಗೋಲ್ಡ್ ಅನ್ನುವ ಕಡಲ್ಗಳ್ಳನನ್ನೇ ಬೇರೆ ಕಳ್ಳರನ್ನು ಹಿಡಿಯೋಕೆ ಕಳಿಸಿದ. "ಕಳ್ಳರನ್ನ ಹಿಡಿಯೋಕೆ ಕಳ್ಳನನ್ನೇ ಇಟ್ಕೊಂಡ್ರಾ?" ಅಂತ ಪುಟ್ಟ ಬಾಯಿ ಬಿಟ್ಟುಕೊಂಡು ನಿಂತ. ಸುಳಿವಿನ ಉತ್ತರ 1718ರ ಎರಡನೇ ಅಂಕಿ, ಏಳು. ಗೈಡ್ ಕಥೆ ಕೇಳಿಸಿಕೊಂಡವರಿಗೆ ಮಾತ್ರ ಸಿಗುವ ಉತ್ತರ. ಇದು ನನಗೆ ಇಷ್ಟವಾಯಿತು.

ಅಲ್ಲಿಂದ ಮಗಳು ಗೈಡ್‌ನ ಬಿಡಲೇ ಇಲ್ಲ. ಕಳ್ಳಿಯರು ಇರಲಿಲ್ವಾ ಅಂತ ಕೇಳಿದಳು. ಇದ್ದರು. ಆನ್ ಬಾನಿ, ಮೇರಿ ರೀಡ್. ಇಬ್ಬರೂ ಕ್ಯಾಲಿಕೋ ಜ್ಯಾಕ್ ಅನ್ನುವವನ ಹಡಗಿನಲ್ಲಿದ್ದರು. 1720ರಲ್ಲಿ ಜಮೈಕಾ ಹತ್ತಿರ ಸಿಕ್ಕಿಬಿದ್ದಾಗ ಗಂಡಸರಿಗೆಲ್ಲ ಗಲ್ಲಾಯಿತು, ಇವರಿಬ್ಬರೂ ಬಸುರಿಯರು ಅಂತ ಶಿಕ್ಷೆ ಮುಂದಕ್ಕೆ ಹೋಯಿತು. ಕಪ್ಪು ಪಟ್ಟಿ ಬೇಡ ಅಂತ ಬ್ಯಾಗಿಗೆ ಹಾಕಿದ್ದ ಮಗಳು ಅದನ್ನು ತೆಗೆದು ಕಟ್ಟಿಕೊಂಡಳು.

ರಸ್ತೆ ದಾಟುವಾಗ ಒಂದು ಎಚ್ಚರಿಕೆ. ಬಹಾಮಾಸ್‌ನಲ್ಲಿ ಗಾಡಿಗಳು ನಮ್ಮ ಊರಿನ ಹಾಗೆ ಎಡಗಡೆ ಓಡುತ್ತವೆ. ಆದರೆ ಎಷ್ಟೋ ಕಾರುಗಳು ಅಮೆರಿಕದಿಂದ ಬಂದವು, ಸ್ಟೀರಿಂಗ್ ಕೂಡ ಎಡಕ್ಕೇ. ಅಟ್ಲಾಂಟಾದಲ್ಲಿ ಬೆಳೆದ ನನ್ನ ಮಕ್ಕಳು ಪ್ರತಿ ಸಲ ತಪ್ಪು ಕಡೆ ನೋಡಿ ಕಾಲಿಡುತ್ತಿದ್ದರು. ಸರಿಯಾದ ಕಡೆ ನೋಡಿ ಅವರ ಕೈ ಹಿಡಿದು ಎಳೆದವರು ಅತ್ತೆ ಒಬ್ಬರೇ.

ಎರಡನೇ ಸುಳಿವು ಪಾರ್ಲಿಮೆಂಟ್ ಸ್ಕ್ವೇರ್, ಗುಲಾಬಿ ಬಣ್ಣದ ಕಟ್ಟಡಗಳ ನಡುವೆ ಕೂತಿರುವ ವಿಕ್ಟೋರಿಯಾ ರಾಣಿ. ಇಲ್ಲಿ ಅಂಕಿ ಏನೂ ಇಲ್ಲ, ಆಕೆ 1837ರಲ್ಲಿ ಪಟ್ಟಕ್ಕೆ ಬಂದು 1901ರಲ್ಲಿ ತೀರಿಕೊಂಡಳು ಅಂತ ಚೀಟಿಯಲ್ಲಿ ಇತ್ತು, ಮುಂದೆ ಬೇಕಾಗುತ್ತೆ, ನೆನಪಿಟ್ಟುಕೊಳ್ಳಿ ಅಂತ. ಹಿಂದುಗಡೆಯೇ ಮೂರನೆಯದು. "ಹಿಂದೆ ಜನರನ್ನು ಕೂಡಿ ಹಾಕುತ್ತಿದ್ದೆ, ಈಗ ಪುಸ್ತಕ ಕೂಡಿಸಿಟ್ಟಿದ್ದೇನೆ, ನನಗೆಷ್ಟು ಮುಖ?" ಅಂತ ಚೀಟಿ. ನಸ್ಸೌ ಸಾರ್ವಜನಿಕ ಗ್ರಂಥಾಲಯ. 18ನೇ ಶತಮಾನದ ಕೊನೆಗೆ ಜೈಲು ಅಂತ ಕಟ್ಟಿದ್ದು, ಎಂಟು ಮೂಲೆಯ ಕಟ್ಟಡ. ಮಕ್ಕಳು ಗೋಡೆ ಎಣಿಸುತ್ತಾ ಸುತ್ತು ಹಾಕಿದರು. ಒಬ್ಬೊಬ್ಬರಿಗೆ ಒಂದೊಂದು ಲೆಕ್ಕ ಬಂತು, ಎಲ್ಲಿಂದ ಶುರು ಮಾಡಿದೆವು ಅನ್ನೋದೇ ಮರೆತು ಹೋಗುತ್ತಿತ್ತು. ಕೊನೆಗೆ ಮಗಳು ಒಂದು ಮೂಲೆಯಲ್ಲಿ ತಮ್ಮನನ್ನು ಗುರುತಿಗೆ ನಿಲ್ಲಿಸಿ ಎಣಿಸಿದಳು. ದುಡ್ಡು ಕೊಟ್ಟಿದ್ದಕ್ಕೆ ಇಂಥದ್ದು ಇನ್ನೂ ನಾಲ್ಕು ಇರಬೇಕಿತ್ತು.

ನಾಲ್ಕನೆಯದಕ್ಕೆ ಕ್ವೀನ್ಸ್ ಸ್ಟೇರ್‌ಕೇಸ್. ಇಲ್ಲಿ ಆಟ ಕೆಟ್ಟಿತು, ಇಡೀ ದಿನದಲ್ಲಿ ನೆನಪಲ್ಲಿ ಉಳಿದದ್ದೂ ಇಲ್ಲೇ.

ಸುಣ್ಣಕಲ್ಲಿನ ಗುಡ್ಡವನ್ನು ಸೀಳಿ ಮಾಡಿದ ಕಣಿವೆ, ಎರಡೂ ಕಡೆ ಎತ್ತರದ ಕಲ್ಲಿನ ಗೋಡೆ, ಮೇಲೆ ಮರಗಳ ನೆರಳು. ಬಿಸಿಲಿಂದ ಒಳಗೆ ಕಾಲಿಟ್ಟ ತಕ್ಷಣ ಮೈ ತಣ್ಣಗಾಗುತ್ತದೆ. ಎದುರಿಗೆ ಕಡಿದಾದ ಮೆಟ್ಟಿಲು. ಚೀಟಿಯಲ್ಲಿ ಬರೆದಿದ್ದು, ರಾಣಿ ಆಳಿದಷ್ಟು ವರ್ಷ ನನ್ನ ಮೆಟ್ಟಿಲು, ಎಣಿಸಿದವರಿಗೆ ನಿಧಿ. ಮಗಳು ಕಾಗದದ ಮೇಲೇ ಲೆಕ್ಕ ಮಾಡಿ 64 ಅಂದಳು. ಒಬ್ಬ ಅಪ್ಪ ತಿಂಗಳನ್ನೂ ಲೆಕ್ಕ ಹಿಡಿದು 63 ಅಂದ. ಅತ್ತೆ ಯಾರ ಮಾತೂ ಕೇಳದೆ ಸೆರಗು ಸಿಕ್ಕಿಸಿಕೊಂಡು ಒಂದು, ಎರಡು ಅಂತ ಹತ್ತಿಯೇ ಬಿಟ್ಟರು. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲನ್ನು ಅರಿಶಿನ ಕುಂಕುಮ ಇಡುತ್ತಾ ಹತ್ತಿದವರು, ಮಂಡಿ ನೋವು ಬಂದ ಮೇಲೆ ನಿಲ್ಲಿಸಿದ್ದರು. ಮೇಲಿಂದ ಕೂಗಿ ಹೇಳಿದರು, "ಅರವತ್ತೈದು!" ಲಾಕ್‌ಗೆ 7865 ಹಾಕಿದರೆ ತೆರೆಯಲಿಲ್ಲ. 64 ಇಲ್ಲ, 63 ಇಲ್ಲ. ಉತ್ತರ 66. ಒಂದು ಮೆಟ್ಟಿಲು ಕೆಳಗೆ ನೆಲಕ್ಕೆ ಕಲ್ಲು ಹಾಸುವಾಗ ಮುಚ್ಚಿ ಹೋಗಿದೆಯಂತೆ! ಅದನ್ನು ಚೀಟಿಯಲ್ಲಿ ಎಲ್ಲೂ ಹೇಳಿಲ್ಲ. ರಾಣಿ ಆಳಿದ್ದು 66 ವರ್ಷವೂ ಅಲ್ಲ. ಏಳು ವರ್ಷದ ಮಗು ಅಳುವ ಹಾಗೆ ಮಾಡುವ ಒಗಟು ಇದು, ಬರೆದವರು ಒಂದು ಸಲ ಆ ಮೆಟ್ಟಿಲು ಎಣಿಸಿ ನೋಡಿದ್ದರೆ ಸಾಕಿತ್ತು. "ಇದ್ದಿದ್ದನ್ನ ಇದ್ದ ಹಾಗೆ ಎಣಿಸಿದೆ, ಹೂತು ಹೋದದ್ದಕ್ಕೆ ನಾನೇನ್ ಮಾಡ್ಲಿ" ಅಂತ ಅತ್ತೆಗೆ ಸಂಜೆವರೆಗೂ ಸಿಟ್ಟು.

ಇನ್ನೊಂದು ವಿಷಯ. ಈ ಮೆಟ್ಟಿಲು ಮಾಡಿದ್ದು ಯಾರು ಅಂತ ಚೀಟಿಯಲ್ಲಿ ಒಂದು ಸಾಲೂ ಇರಲಿಲ್ಲ, ಕಡಲ್ಗಳ್ಳರ ರಹಸ್ಯ ದಾರಿ ಅಂತ ಇತ್ತು, ಸುಳ್ಳು. ಗೈಡ್ ಅಲ್ಲಿ ಚೀಟಿಯನ್ನು ಮಡಚಿ ಜೇಬಿಗಿಟ್ಟಳು. ಕಡಲ್ಗಳ್ಳರು ಹೋಗಿ ಎಪ್ಪತ್ತು ಚಿಲ್ಲರೆ ವರ್ಷ ಆದ ಮೇಲೆ, 1793-94ರಲ್ಲಿ, ಗುಲಾಮರಾಗಿದ್ದ 600 ಜನ ಕೈ ಕೊಡಲಿಯಂಥ ಉಪಕರಣದಲ್ಲಿ ಈ ಬಂಡೆ ಕಡಿದರು ಅಂದಳು. ಮೇಲಿನ ಕೋಟೆಗೆ ದಾರಿ ಬೇಕಿತ್ತು, ಅದಕ್ಕೆ. ರಾಣಿಯ ಹೆಸರು ಆಮೇಲೆ ಇಟ್ಟಿದ್ದು. ಗೋಡೆಯಲ್ಲಿ ಕೈ ಆಡಿಸಿ ನೋಡಿ ಅಂದಳು, ಮಕ್ಕಳೆಲ್ಲ ಆಡಿಸಿದರು. ಇಷ್ಟು ಹೊತ್ತು ಗಲಾಟೆ ಮಾಡುತ್ತಿದ್ದ ಇಪ್ಪತ್ತು ಜನ ಐದು ನಿಮಿಷ ಮಾತಾಡಲಿಲ್ಲ. ಆಕೆ ಇದನ್ನು ಕಂಪನಿ ಕೊಟ್ಟ ಚೀಟಿಯಿಂದ ಹೇಳಿದ್ದಲ್ಲ, ತಾನಾಗೇ ಹೇಳಿದ್ದು. ನನ್ನ ಮೂರು ಸ್ಟಾರ್ ಅದಕ್ಕೇ.

ಮೇಲೆ ಫೋರ್ಟ್ ಫಿನ್‌ಕ್ಯಾಸಲ್. ಆಗಿನ ಗವರ್ನರ್ ಲಾರ್ಡ್ ಡನ್ಮೋರ್ 1793ರಲ್ಲಿ ಕಟ್ಟಿಸಿದ ಪುಟ್ಟ ಕೋಟೆ, ಹಡಗಿನ ಮೂತಿಯ ಆಕಾರ. ಪೆಟ್ಟಿಗೆ ಇದ್ದದ್ದು ಇಲ್ಲೇ, ಚಾಕಲೇಟ್ ಕಥೆ ಆಗಲೇ ಹೇಳಿದೆ. ಇಲ್ಲಿಂದ ನಮ್ಮ ಹಡಗು ಕಾಣುತ್ತದೆ, ಅದರ ಮುಂದೆ ಊರೇ ಆಟದ ಸಾಮಾನಿನ ಹಾಗೆ.

ಹೋಗುವವರಿಗೆ ಹೇಳುವುದಾದರೆ, ಏಳರಿಂದ ಹನ್ನೆರಡು ವರ್ಷದ ಮಕ್ಕಳಿದ್ದರೆ ಸರಿ. ಚಿಕ್ಕವರಿಗೆ ನಡಿಗೆ ಜಾಸ್ತಿ, ದೊಡ್ಡವರಿಗೆ ಬೋರು. ನಮ್ಮ ಗುಂಪಿನ ಒಬ್ಬ ಹೈಸ್ಕೂಲ್ ಹುಡುಗ ಮೊದಲ ಹತ್ತು ನಿಮಿಷದಲ್ಲೇ ಫೋನ್‌ನಲ್ಲಿ ಎಲ್ಲ ಉತ್ತರ ಹುಡುಕಿ ಮುಗಿಸಿ ಇಯರ್‌ಫೋನ್ ಹಾಕಿಕೊಂಡ. ಎಲ್ಲ ವಯಸ್ಸಿನವರಿಗೂ ಅಂತ ಆ್ಯಪ್‌ನಲ್ಲಿ ಬರೆದಿದ್ದು ಶುದ್ಧ ಸುಳ್ಳು. ವಯಸ್ಸಾದವರಿದ್ದರೆ ಕೋಟೆವರೆಗೆ ರಸ್ತೆ ಇದೆ, ಟ್ಯಾಕ್ಸಿ ಹೋಗುತ್ತೆ, ಅದನ್ನು ಯಾರೂ ನಮಗೆ ಹೇಳಲಿಲ್ಲ. ಟೋಪಿ, ದೊಡ್ಡ ನೀರಿನ ಬಾಟಲಿ ನಿಮ್ಮದೇ ಇರಲಿ. ಮತ್ತೆ, ಹಡಗಿನವರ ಹತ್ತಿರ ಕೊಳ್ಳಲೇಬೇಕು ಅಂತೇನೂ ಇಲ್ಲ. ಇವೆಲ್ಲ ಬಂದರಿನಿಂದ ಕಾಲ್ನಡಿಗೆ ದೂರದಲ್ಲೇ ಇವೆ, ಮೆಟ್ಟಿಲಿಗೆ ಇಪ್ಪತ್ತು ನಿಮಿಷ. ನಾಲ್ಕು ಒಗಟು ನೀವೇ ಬರೆದುಕೊಂಡು ಹೋಗಿ, ಮಕ್ಕಳಿಗೆ ಅಷ್ಟೇ ಖುಷಿ. ಒಳ್ಳೆ ಗೈಡ್ ಮಾತ್ರ ಹಾಗೆ ಸಿಗುವುದಿಲ್ಲ, ನಮಗೂ ಅದೃಷ್ಟಕ್ಕೆ ಸಿಕ್ಕಿದ್ದು.

ಊಟದ ವಿಷಯಕ್ಕೆ ಬಂದರೆ ಸಸ್ಯಾಹಾರಿಗಳು ಹುಷಾರು. ಪೀಸ್ ಆ್ಯಂಡ್ ರೈಸ್ ಅಂತ ಎಲ್ಲ ಕಡೆ ಸಿಗುತ್ತದೆ, ಅದರಲ್ಲಿರುವುದು ನಮ್ಮ ತೊಗರಿ ಕಾಳೇ. ಅತ್ತೆ ಮುಖ ಅರಳಿತು. ಅದಕ್ಕೆ ಹಂದಿ ಮಾಂಸ ಹಾಕಿ ಒಗ್ಗರಣೆ ಮಾಡುವುದು ಅಲ್ಲಿನ ಪದ್ಧತಿ ಅಂತ ಗೈಡ್ ಹೇಳಿದ ಮೇಲೆ ಮುದುಡಿತು. ಕೊನೆಗೆ ದಾರಿ ಬದಿಯ ಅಂಗಡಿಯಲ್ಲಿ ಬೆನ್ನಿ ಕೇಕ್ ಅಂತ ಕೊಂಡೆವು. ಬೆಣ್ಣೆ ಕೇಕ್ ಅಂದುಕೊಂಡು ಬಾಯಿಗಿಟ್ಟರೆ ಥೇಟ್ ನಮ್ಮ ಎಳ್ಳು ಚಿಕ್ಕಿ! ಪಶ್ಚಿಮ ಆಫ್ರಿಕಾದ ಕಡೆಯಿಂದ ಬಂದ ಪದವಂತೆ, ಬೆನ್ನಿ ಅಂದರೆ ಎಳ್ಳು. ಸಂಕ್ರಾಂತಿಗೆ ಬೀರೋಕೆ ಆಗುತ್ತೆ ಅಂತ ಅತ್ತೆ ಆರು ಕಟ್ಟಿಸಿಕೊಂಡರು, ಮೇ ತಿಂಗಳಲ್ಲಿ.

ಅಲ್ಲಿ ಅಮೆರಿಕನ್ ಡಾಲರ್ ನಡೆಯುತ್ತದೆ, ಬಹಾಮಾಸ್ ಡಾಲರಿಗೂ ಅದಕ್ಕೂ ಒಂದೇ ಬೆಲೆ. ಚಿಲ್ಲರೆ ಮಾತ್ರ ಅವರ ದುಡ್ಡಲ್ಲಿ ಬಂತು, ಅದರಲ್ಲಿ ಒಂದು ಮೂರು ಡಾಲರ್ ನೋಟು. ಹೌದು, ಮೂರು. ಅತ್ತೆ ಅದನ್ನು ಬಿಸಿಲಿಗೆ ಹಿಡಿದು ಹಿಂದೆ ಮುಂದೆ ತಿರುಗಿಸಿ, "ಮೂರರ ನೋಟು ಎಲ್ಲಾದ್ರೂ ಇರುತ್ತೇನೇ? ನಿನಗೆ ಟೋಪಿ ಹಾಕಿದ್ದಾರೆ, ಹೋಗಿ ವಾಪಸ್ ಕೊಡು" ಅಂದರು. ಪುಟ್ಟ ಕಿತ್ತುಕೊಂಡು ನಕ್ಷೆಯೊಳಗೆ ಸುತ್ತಿಟ್ಟುಕೊಂಡ. ಚಾಕಲೇಟ್ ನಾಣ್ಯಗಳನ್ನು ಹಡಗಿನ ಕೋಣೆಯಲ್ಲೇ ಮರೆತು ಬಂದೆವು. ನೋಟು ಅವನ ಪೆನ್ಸಿಲ್ ಡಬ್ಬಿಯಲ್ಲಿದೆ, ಅತ್ತೆ ಈಗಲೂ ಅದು ಖೋಟಾ ಅಂತಲೇ ಅನ್ನುತ್ತಾರೆ.