ಟಿಬೆಟಿಯನ್ನರ ಸ್ವೆಟರ್ ಅಂಗಡಿ: ಮಾಲು ಹೇಗಿದೆ, ದರ ಯಾಕೆ ಇಳಿಯುವುದಿಲ್ಲ

ದೀಪಾವಳಿ ಆದಮೇಲೆ ಕಲಬುರಗಿಯಲ್ಲಿ ತಾಡಪತ್ರಿ ಕಟ್ಟಿ ಕೂರುವ ಟಿಬೆಟಿಯನ್ನರ ಹತ್ತಿರ ಮಕ್ಕಳ ಸ್ವೆಟರ್, ಜಿಪ್ ಜಾಕೆಟ್ ಧೈರ್ಯವಾಗಿ ಕೊಳ್ಳಬಹುದು. ಶಾಲು ಮಾತ್ರ ಪರೀಕ್ಷೆ ಮಾಡಿ ತಗೊಳ್ಳಿ.

ಮಾಲು ಬಹುತೇಕ ಲುಧಿಯಾನದ್ದು, ಹೆಚ್ಚಿನದು ಅಕ್ರಿಲಿಕ್. ‘ಪಕ್ಕಾ ಉಣ್ಣೆ’ ಅಂದರೆ ಒಳಹೊಲಿಗೆಯ ಒಂದು ಎಳೆ ಕೇಳಿ ಪಡೆದು, ಅಂಗಡಿಯಿಂದ ದೂರ ಹೋಗಿ ಸುಟ್ಟು ನೋಡಿ. ಉಣ್ಣೆಗೆ ಕೂದಲು ಸುಟ್ಟ ವಾಸನೆ ಬರುತ್ತದೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಅಕ್ರಿಲಿಕ್ ಕರಗಿ ಗಟ್ಟಿ ಕರಿಮಣಿಯಾಗುತ್ತದೆ. ಕಲಬುರಗಿಯ ಥಂಡಿಗೆ ಅಕ್ರಿಲಿಕ್ ಸಾಕು, ಅದಕ್ಕೆ ಉಣ್ಣೆಯ ದರ ಕೊಡಬೇಡಿ. ಬೀದರಿನವರು ಒಳಪದರ ಇರುವ ಜಾಕೆಟ್ಟೇ ತಗೊಳ್ಳಲಿ. ತೋಳಿನ ಪಟ್ಟಿ ಎಳೆದು ಬಿಡಿ. ತಟ್ಟನೆ ಕೂಡಿಕೊಳ್ಳದಿದ್ದರೆ ನಾಲ್ಕು ಸಲ ಒಗೆಯುವಷ್ಟರಲ್ಲಿ ಜೋಲುತ್ತದೆ. ನೀಲಿ ತಾಡಪತ್ರಿ ಕೆಳಗೆ ಬಣ್ಣ ಬೇರೆ ಕಾಣುತ್ತದೆ, ಬಿಸಿಲಿಗೆ ತಂದು ನೋಡಿ. ಟ್ರಯಲ್ ರೂಮ್ ಇರುವುದಿಲ್ಲ; ಅಳತೆಗೆ ಹಳೆ ಅಂಗಿ ಒಯ್ಯಿರಿ. ಒಗೆದಾಗ ಹಿಂಡಬೇಡಿ, ನೆರಳಲ್ಲಿ ಹಾಸಿ ಒಣಗಿಸಿ.

‘ಫಿಕ್ಸ್ ರೇಟ್’ ಬೋರ್ಡ್ ಓದಿಯೂ ಅರ್ಧಕ್ಕೆ ಕೇಳುವವರಿದ್ದಾರೆ. ಹಾಗೆ ಕೇಳಬೇಡಿ. ಇವರಲ್ಲಿ ಅನೇಕರು ಲುಧಿಯಾನದಲ್ಲಿ ಉದ್ರಿ ಮಾಲು ಎತ್ತಿ, ಸೀಜನ್ ಮುಗಿದಮೇಲೆ ತೀರಿಸುವವರು. ನಮ್ಮಲ್ಲಿ ಸಂಕ್ರಾಂತಿ ದಾಟಿದರೆ ಥಂಡಿ ಸಡಿಲ. ಅಷ್ಟರೊಳಗೆ ಜಾಗದ ಬಾಡಿಗೆ, ಕರೆಂಟು, ಖೋಲಿ ಖರ್ಚು ಎಲ್ಲ ಹುಟ್ಟಬೇಕು. ಮಾರದೆ ಉಳಿದದ್ದನ್ನು ಮೂಟೆ ಕಟ್ಟಿ ಮುಂದಿನ ವರ್ಷಕ್ಕೆ ಇಡಬಹುದು, ಸಾಲವನ್ನು ಹಾಗೆ ಇಡಲಾಗುವುದಿಲ್ಲ.

ಖೋಲಿ ಸಿಗುವುದೇ ಕಷ್ಟ. ಆರ್‌ಸಿ, ಅಂದರೆ ವಿದೇಶಿಯರ ನೋಂದಣಿ ಪತ್ರ, ತೋರಿಸಿದರೆ ಮನೆ ಮಾಲೀಕರು ಹಿಂದೆ ಸರಿಯುತ್ತಾರೆ. ಭಾರತ 1951ರ ನಿರಾಶ್ರಿತರ ಒಡಂಬಡಿಕೆಗೆ ಸಹಿ ಹಾಕಿಲ್ಲ, ನಿರಾಶ್ರಿತರಿಗೆಂದೇ ಬೇರೆ ಕಾನೂನೂ ಇಲ್ಲ. ಟಿಬೆಟಿಯನ್ನರ ವಸತಿ ಇರುವ ಮುಂಡಗೋಡದಲ್ಲೇ ಹುಟ್ಟಿ ಬೆಳೆದ ಎಷ್ಟೋ ಜನರ ಕೈಯಲ್ಲಿ ಇರುವುದು ಈ ಆರ್‌ಸಿಯೇ. ಅದು ಸರ್ಕಾರವೇ ಕೊಟ್ಟ ಕಾಗದ. ನವೀಕರಣದ ತಾರೀಖು ನೋಡಿ, ನಕಲು ಇಟ್ಟುಕೊಂಡು, ಠಾಣೆಗೆ ತಿಳಿಸಿ ಖೋಲಿ ಕೊಡಿ. ವ್ಯಾಪಾರಕ್ಕೆ ಲೈಸೆನ್ಸ್ ಕೊಡಬಹುದೆಂದು ಕೇಂದ್ರದ 2014ರ ಟಿಬೆಟಿಯನ್ ಪುನರ್ವಸತಿ ನೀತಿಯಲ್ಲೇ ಇದೆ, ಜಾರಿ ಮಾತ್ರ ರಾಜ್ಯಗಳ ಕೈಯಲ್ಲಿ.

ಎಲ್ಲಾ ಅಳತೆ ಬೇಕಿದ್ದರೆ ಡಿಸೆಂಬರ್ ಮೊದಲ ವಾರದೊಳಗೆ ಹೋಗಿ. ಬದಲಿಸಬೇಕಾದರೆ ಚೀಟಿ ಹರಿಯದೆ ಬೇಗ ಒಯ್ಯಿರಿ. ಜನವರಿ ಕೊನೆಗೆ ಅಲ್ಲಿ ಗಳ ನೆಟ್ಟ ತಗ್ಗುಗಳಷ್ಟೇ ಇರುತ್ತವೆ.