ಕಂಪ್ಯೂಟರ್ ಕೇಸ್ ಒಳಗೆ ಯುವಿ (ಅತಿನೇರಳೆ) ಬೆಳಕು: ಟ್ಯೂಬಾ, ಎಲ್‌ಇಡಿ ಪಟ್ಟಿನಾ?

ಯುವಿಗೆ ಹೊಳೆಯುವ ಕೇಬಲ್ಲೋ ಕೂಲೆಂಟೋ (ಕಂಪ್ಯೂಟರ್ ತಣಿಸಲು ಪೈಪಿನಲ್ಲಿ ಹರಿಯುವ ದ್ರವ) ಒಳಗಿಲ್ಲ ಅಂದ್ರೆ ಎರಡೂ ದಂಡ, ಬರೀ ಮಂಕು ನೇರಳೆ ಕಾಣುತ್ತದೆ.

ಬೆಳಕಿನಲ್ಲಿ ನನಗೆ ಕೋಲ್ಡ್ ಕ್ಯಾಥೋಡ್ ಟ್ಯೂಬೇ (ಸಣ್ಣ ಟ್ಯೂಬ್‌ಲೈಟ್ ತರಹದ ದೀಪ) ಇಷ್ಟ. ಉದ್ದಕ್ಕೂ ಒಂದೇ ಸಮ ಹರಡುತ್ತದೆ, ಕೂಲೆಂಟ್ ಪೈಪ್ ಪೂರ್ತಿ ಹೊಳೆಯುತ್ತದೆ. ಪಟ್ಟಿಯಲ್ಲಿ ಚುಕ್ಕಿಗಳು ಎದ್ದು ಕಾಣುತ್ತವೆ, ಅದರಲ್ಲೂ 395-405 ನ್ಯಾನೋಮೀಟರ್ ತರಂಗಾಂತರದವು ಇಡೀ ಕೇಸಿಗೇ ನೇರಳೆ ಬಳಿದ ಹಾಗೆ ಮಾಡುತ್ತವೆ. 365ರದ್ದು ಶುದ್ಧ, ನೇರಳೆ ಕಮ್ಮಿ, ಆದರೆ ಬೆಲೆ ಜಾಸ್ತಿ.

ಬಾಳಿಕೆ, ಜೋಡಣೆ ಅಂತ ಬಂದರೆ ಮಾತು ಉಲ್ಟಾ. ಟ್ಯೂಬ್ ತೆಳು ಗಾಜಿನದು, ಒಳಗೆ ಚೂರು ಪಾದರಸ ಇರುತ್ತದೆ, ನೂರಾರು ವೋಲ್ಟ್ ಕೊಡುವ ಇನ್ವರ್ಟರ್ ಡಬ್ಬಿಗೂ ಜಾಗ ಹುಡುಕಬೇಕು. ಪಟ್ಟಿ ಸಾಮಾನ್ಯವಾಗಿ 12 ವೋಲ್ಟಿಗೇ ಉರಿಯುತ್ತದೆ, ಗುರುತಿದ್ದಲ್ಲಿ ಕತ್ತರಿಸಿ ಅಂಟಿಸಿದರಾಯ್ತು.

ಕೇಸ್ ಆಗಾಗ ಹೊತ್ತುಕೊಂಡು ಹೋಗ್ತೀರಾ, ಇಲ್ಲಾ ಒಳಗೆ ಜಾಗ ಕಮ್ಮಿನಾ? ಪಟ್ಟಿ ತಗೊಳ್ಳಿ. ದೊಡ್ಡ ಕೇಸ್, ಮೇಜು ಬಿಟ್ಟು ಕದಲಲ್ಲ ಅಂದ್ರೆ ಟ್ಯೂಬ್. ಕ್ರಿಮಿ ಕೊಲ್ಲುವ ಯುವಿ-ಸಿ ದೀಪ ಮಾತ್ರ ಬೇಡವೇ ಬೇಡ, ಕಣ್ಣಿಗೂ ಚರ್ಮಕ್ಕೂ ಅಪಾಯ.